ಹೊಂಗೆ ಎಲೆಯ ಗುಲಾಬಿ ಅಚ್ಚು ಮತ್ತು ಕಸದೊಳಗಿನ ನಿಯೋಡಿಮಿಯಮ್

ಯುಗಾದಿಯ ಹೊತ್ತಿಗೆ ನಮ್ಮ ಕಾಲೇಜಿನ ಆವರಣದ ಹೊಂಗೆ ಮರಗಳು ಹೊಸ ಎಲೆ ತಳೆದು ಮಿರುಗುತ್ತಿರುವಾಗ, ನಾನು ಪ್ರತಿವರ್ಷ ಬಿ.ಎಸ್ಸಿ. ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ಎಳೆಯ ಎಲೆಯೊಂದನ್ನು ಕಿತ್ತು, ಅದರ ಕೆಳಮೈಯನ್ನು ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ತಟ್ಟೆಯ ಮೇಲೆ ಮೆಲ್ಲಗೆ ಒತ್ತಿ ತೆಗೆಯುವುದು, ಅಷ್ಟೆ. ಆ ಅಗರಿನಲ್ಲಿ ಸಕ್ಕರೆಯಿಲ್ಲ, ಮಾಂಸಸಾರವಿಲ್ಲ. ಒಂದಷ್ಟು ಲವಣಗಳು, ಬೂಷ್ಟು ಬಾರದಂತೆ ತಡೆಯುವ ಔಷಧ, ಮತ್ತು ಆಹಾರವೆಂದು ಹೇಳಬಹುದಾದ ಒಂದೇ ವಸ್ತುವಾಗಿ ಶೇ 0.5ರಷ್ಟು ಮೆಥನಾಲ್ ಮಾತ್ರ ಇರುತ್ತದೆ. ತಟ್ಟೆಯನ್ನು 30 ಡಿಗ್ರಿಯಲ್ಲಿ ಐದಾರು ದಿನ ಇಟ್ಟು ತೆರೆದರೆ, ಎಲೆಯ ಅಂಚು, ನಡುನರ, ಅದರಿಂದ ಕವಲೊಡೆದ ಸಣ್ಣ ನರಗಳು ಎಲ್ಲವೂ ಗುಲಾಬಿ ಬಣ್ಣದ ಚುಕ್ಕೆಗಳಲ್ಲಿ ಅಚ್ಚೊತ್ತಿದಂತೆ ಮೂಡಿರುತ್ತವೆ. ಮೊದಲ ಸಲ ನೋಡಿದ ವಿದ್ಯಾರ್ಥಿಗಳು ಬಹಳ ಹೊತ್ತು ಆ ತಟ್ಟೆಯನ್ನು ಕೆಳಗಿಡುವುದಿಲ್ಲ.

ಆ ಚುಕ್ಕೆಗಳಲ್ಲಿ ಬಹುಪಾಲು ಮೀಥೈಲೋಬ್ಯಾಕ್ಟೀರಿಯಮ್ ಎಂಬ ಗುಂಪಿಗೆ ಸೇರಿದ ಬ್ಯಾಕ್ಟೀರಿಯಾಗಳು. ಎಲೆ ಬೆಳೆಯುವಾಗ ಅದರ ಜೀವಕೋಶಗಳ ಭಿತ್ತಿ ಹಿಗ್ಗಬೇಕು. ಹಿಗ್ಗುವ ಭಿತ್ತಿಯಲ್ಲಿರುವ ಪೆಕ್ಟಿನ್‌ನಿಂದ ಮೆಥನಾಲ್ ಬಿಡುಗಡೆಯಾಗಿ ಪತ್ರರಂಧ್ರಗಳ ಮೂಲಕ ಹೊರಬರುತ್ತದೆ. ಆ ಅಲ್ಪ ಮೆಥನಾಲನ್ನೇ ಉಂಡು ಎಲೆಯ ಮೇಲ್ಮೈಯಲ್ಲಿ ಬಿಸಿಲು, ಒಣಹವೆ, ಮಳೆ ಎಲ್ಲವನ್ನೂ ತಾಳಿಕೊಂಡು ಈ ಜೀವಿಗಳು ಬದುಕುತ್ತವೆ. ಇಷ್ಟನ್ನು ನಾನು ಹಲವು ವರ್ಷಗಳಿಂದ ಪಾಠ ಮಾಡುತ್ತಲೇ ಬಂದಿದ್ದೆ. ಮೆಥನಾಲನ್ನು ಅರಗಿಸಿಕೊಳ್ಳಲು ಈ ಬ್ಯಾಕ್ಟೀರಿಯಾ ಬಳಸುವ ಕಿಣ್ವವೊಂದರ ನಡುಮನೆಯಲ್ಲಿ ಲ್ಯಾಂಥನಮ್, ಸೀರಿಯಮ್, ನಿಯೋಡಿಮಿಯಮ್‌ಗಳಂತಹ ವಿರಳ ಭೂಧಾತುವಿನ ಒಂದು ಪರಮಾಣು ಕುಳಿತಿರುತ್ತದೆ ಎಂಬ ವಿಷಯ ಮಾತ್ರ ನಾನು ಓದಿದ ಕಾಲದ ಪಠ್ಯಗಳಲ್ಲಿ ಇರಲಿಲ್ಲ. ಈ ಒಂದು ಸಂಗತಿ ಗೊತ್ತಾದ ಮೇಲೆ, ನಾವು ಬಿಸಾಡಿದ ಕಂಪ್ಯೂಟರು, ಉರಿಸಿದ ಕಲ್ಲಿದ್ದಲಿನ ಬೂದಿ, ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರು ಇವುಗಳನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಅದನ್ನು ಇಲ್ಲಿ ವಿವರವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ವಿರಳ ಭೂಧಾತುಗಳು ಒಟ್ಟು 17. ಆವರ್ತ ಕೋಷ್ಟಕದ ಕೆಳಗೆ ಪ್ರತ್ಯೇಕವಾಗಿ ಬರೆಯುವ ಲ್ಯಾಂಥನೈಡ್‌ಗಳು 15, ಅವುಗಳ ಜೊತೆಗೆ ಸ್ಕ್ಯಾಂಡಿಯಮ್ ಮತ್ತು ಯಿಟ್ರಿಯಮ್. ಸ್ವೀಡನ್ನಿನ ಯಿಟರ್ಬಿ ಎಂಬ ಹಳ್ಳಿಯ ಕಲ್ಲುಗಣಿಯಲ್ಲಿ 1787ರಲ್ಲಿ ದೊರೆತ ಕರಿಗಲ್ಲೊಂದರಿಂದ ಇವುಗಳ ಕಥೆ ಆರಂಭವಾಗುತ್ತದೆ. ಯಿಟ್ರಿಯಮ್, ಟರ್ಬಿಯಮ್, ಎರ್ಬಿಯಮ್, ಯಿಟರ್ಬಿಯಮ್ ಎಂಬ ನಾಲ್ಕು ಧಾತುಗಳು ಆ ಒಂದೇ ಹಳ್ಳಿಯ ಹೆಸರನ್ನು ಹೊತ್ತಿವೆ. ಹೆಸರಿನಲ್ಲಿರುವ ‘ಭೂ’ ಎಂಬುದು ಮಣ್ಣಲ್ಲ. ಆ ಕಾಲದ ರಸಾಯನಶಾಸ್ತ್ರಜ್ಞರು ಬೆಂಕಿಗೆ ಕರಗದೆ ಉಳಿಯುವ ಆಕ್ಸೈಡ್ ಪುಡಿಗಳನ್ನು ಹಾಗೆ ಕರೆಯುತ್ತಿದ್ದರು, ನಮ್ಮ ‘ಭಸ್ಮ’ ಎಂಬ ಮಾತು ಅದಕ್ಕೆ ಹೆಚ್ಚು ಹತ್ತಿರ ಎಂದು ನನಗೆ ಅನ್ನಿಸುತ್ತದೆ. ‘ವಿರಳ’ ಎಂಬುದೂ ಅಷ್ಟು ಸರಿಯಾದ ಮಾತಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಮ್ ಹೆಚ್ಚು ಕಡಿಮೆ ತಾಮ್ರದಷ್ಟೇ ಇದೆ, ಅತ್ಯಂತ ಕಡಿಮೆ ಸಿಗುವ ಥೂಲಿಯಮ್ ಕೂಡ ಚಿನ್ನಕ್ಕಿಂತ ನೂರು ಪಟ್ಟಿಗೂ ಹೆಚ್ಚಿದೆ. ಕಷ್ಟ ಇರುವುದು ಪ್ರಮಾಣದಲ್ಲಲ್ಲ, ಬೇರ್ಪಡಿಸುವುದರಲ್ಲಿ. ಈ ಧಾತುಗಳು ಒಂದೇ ಕಡೆ ಗಟ್ಟಿಯಾಗಿ ಸೇರದೆ ಚೆದುರಿಕೊಂಡಿರುತ್ತವೆ, ಸಿಕ್ಕರೂ ಒಂದನ್ನೊಂದು ತಬ್ಬಿಕೊಂಡೇ ಸಿಗುತ್ತವೆ. ಎಲ್ಲವೂ ಸಾಮಾನ್ಯವಾಗಿ ಮೂರು ಧನ ಆವೇಶದ ಅಯಾನುಗಳು. ಲ್ಯಾಂಥನಮ್‌ನಿಂದ ಲುಟೀಷಿಯಮ್‌ವರೆಗೆ ಸಾಗಿದರೆ ಅಯಾನಿನ ಗಾತ್ರ ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಕುಗ್ಗುತ್ತದೆ, ಅಷ್ಟೇ ವ್ಯತ್ಯಾಸ.

ನಿಯೋಡಿಮಿಯಮ್ ಹೇಗಿರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಎರಡು ವಸ್ತುಗಳನ್ನು ತೋರಿಸುತ್ತೇನೆ. ಒಂದು, ನಿಯೋಡಿಮಿಯಮ್ ನೈಟ್ರೇಟಿನ ದ್ರಾವಣವಿರುವ ಸಣ್ಣ ಸೀಸೆ. ಕಿಟಕಿಯ ಬಳಿ ಬಿಸಿಲಿಗೆ ಹಿಡಿದರೆ ಅದು ತಿಳಿ ನೇರಳೆ. ಅದೇ ಸೀಸೆಯನ್ನು ಪ್ರಯೋಗಾಲಯದ ಟ್ಯೂಬ್‌ಲೈಟಿನ ಕೆಳಗೆ ತಂದರೆ ನೇರಳೆ ಮಾಯವಾಗಿ ಮಬ್ಬು ನೀಲಿ ಕಾಣಿಸುತ್ತದೆ. ನಿಯೋಡಿಮಿಯಮ್ ಹೀರಿಕೊಳ್ಳುವ ಬೆಳಕಿನ ಪಟ್ಟಿಗಳು ಅಷ್ಟು ಕಿರಿದಾಗಿ, ಅಷ್ಟು ಖಚಿತವಾಗಿ ಇರುವುದರಿಂದ ದೀಪ ಬದಲಾದರೆ ಬಣ್ಣವೇ ಬದಲಾಗುತ್ತದೆ. ಎರಡನೆಯದು, ಕೆಟ್ಟುಹೋದ ಹಾರ್ಡ್ ಡಿಸ್ಕ್. ಅದರ ತಿರುಪುಗಳನ್ನು ಬಿಚ್ಚಿ ಮುಚ್ಚಳ ತೆಗೆದರೆ, ಓದುವ ತೋಳಿನ ಬುಡದಲ್ಲಿ ಬಾಗಿದ ಹಲಗೆಗಳಿಗೆ ಅಂಟಿಸಿದ ಚಂದ್ರಕೊರೆಯಾಕಾರದ ಎರಡು ಕಾಂತಗಳು ಸಿಗುತ್ತವೆ. ಬೆಳ್ಳಿಯಂತೆ ಹೊಳೆಯುವುದು ಮೇಲಿನ ನಿಕ್ಕಲ್ ಲೇಪ. ಎರಡನ್ನೂ ಹತ್ತಿರ ತಂದರೆ ಕೈಬೆರಳು ಸಿಕ್ಕಿಕೊಳ್ಳುವಷ್ಟು ರಭಸದಿಂದ ಬಡಿದುಕೊಳ್ಳುತ್ತವೆ, ಬಡಿದ ಹೊಡೆತಕ್ಕೆ ಮೂಲೆ ಮುರಿದರೆ ಒಳಗಿನ ಬೂದುಗಪ್ಪು ಹರಳುಪುಡಿ ಕಾಣುತ್ತದೆ. ಕಬ್ಬಿಣ, ಬೋರಾನ್ ಮತ್ತು ನಿಯೋಡಿಮಿಯಮ್ ಸೇರಿದ ಈ ಮಿಶ್ರಲೋಹದ ತೂಕದಲ್ಲಿ ಸುಮಾರು ಶೇ 30ರಷ್ಟು ವಿರಳ ಭೂಧಾತುಗಳೇ. ಬಿಸಿಯಾದಾಗಲೂ ಕಾಂತಶಕ್ತಿ ಕುಂದಬಾರದೆಂದು ಮೋಟಾರುಗಳ ಕಾಂತಕ್ಕೆ ಡಿಸ್ಪ್ರೋಸಿಯಮ್ ಬೆರೆಸುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ಸದ್ದಿಲ್ಲದೆ ಓಡುವ ವಿದ್ಯುತ್ ಸ್ಕೂಟರಿನಿಂದ ಹಿಡಿದು ಗಾಳಿಯಂತ್ರದವರೆಗೆ ಇದೇ ಕಾಂತದ ಕುಟುಂಬ.

ಇಷ್ಟು ಶುದ್ಧವಾಗಿ ಸಂಗ್ರಹಗೊಂಡ ಲೋಹ ಕೊನೆಗೆ ಎಲ್ಲಿಗೆ ಹೋಗುತ್ತದೆ? ಗುಜರಿಯಲ್ಲಿ ಯಂತ್ರವನ್ನು ನುರಿಸಿದಾಗ ಕಾಂತದ ಚೂರುಗಳು ಸುತ್ತಲಿನ ಕಬ್ಬಿಣಕ್ಕೇ ಅಂಟಿಕೊಳ್ಳುತ್ತವೆ. ಕಬ್ಬಿಣದೊಡನೆ ಕುಲುಮೆ ಸೇರಿ, ಕಿಟ್ಟದ ಪಾಲಾಗಿ ಕಳೆದುಹೋಗುತ್ತವೆ. ಬಳಸಿದ ವಿರಳ ಭೂಧಾತುಗಳಲ್ಲಿ ಮರಳಿ ಬಳಕೆಗೆ ಬರುವುದು ಶೇ 1ಕ್ಕಿಂತಲೂ ಕಡಿಮೆ ಎಂಬ ಅಂದಾಜು ಕಳೆದ ದಶಕದ ಆರಂಭದಿಂದ ಚಾಲ್ತಿಯಲ್ಲಿದೆ.

ಹೊಸದಾಗಿ ಗಣಿಯಿಂದ ತೆಗೆಯುವ ದಾರಿ ಸುಲಭದ್ದಲ್ಲ. ಅದಿರನ್ನು ಪ್ರಬಲ ಆಮ್ಲ ಅಥವಾ ಕ್ಷಾರದಲ್ಲಿ ಕರಗಿಸಿ, ಸೀಮೆಎಣ್ಣೆಯಂತಹ ದ್ರವದಲ್ಲಿ ಬೆರೆಸಿದ ಸಾವಯವ ರಂಜಕ ಸಂಯುಕ್ತಗಳೊಡನೆ ಕಲಕಿ, ನಿಲ್ಲಿಸಿ, ಮತ್ತೆ ಕಲಕಿ, ಮತ್ತೆ ನಿಲ್ಲಿಸಿ, ಹೀಗೆ ನೂರಾರು ತೊಟ್ಟಿಗಳನ್ನು ದಾಟಿಸಿದರೆ ಮಾತ್ರ ಒಂದು ಧಾತು ಪಕ್ಕದ ಧಾತುವಿನಿಂದ ಬೇರೆಯಾಗುತ್ತದೆ. ಒಂದೊಂದು ತೊಟ್ಟಿಯಲ್ಲಿ ಸಿಗುವ ಲಾಭ ಅಷ್ಟು ಅಲ್ಪ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹಳೆಯ ಬೇರುಗಳಿವೆ: ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ವಿರಳ ಭೂಧಾತುಗಳ ಅದಿರು ಇರುವುದು 20ನೇ ಶತಮಾನದ ಮೊದಲ ದಶಕದಲ್ಲೇ ಗೊತ್ತಾಗಿತ್ತು, 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಯಾಗಿ ಕೇರಳದ ಆಲುವಾದಲ್ಲಿ ಕಾರ್ಖಾನೆ ತೆರೆಯಿತು. ಆದರೆ ಮೊನಜೈಟ್‌ನೊಳಗೆ ವಿಕಿರಣಶೀಲ ಥೋರಿಯಮ್ ಇರುವುದರಿಂದ ಅದರ ನಿರ್ವಹಣೆ ಪ್ರತ್ಯೇಕ ಜವಾಬ್ದಾರಿ. 2025ರ ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಮ್, ಟರ್ಬಿಯಮ್ ಸೇರಿದಂತೆ ಏಳು ಧಾತುಗಳ ಮತ್ತು ಅವುಗಳಿಂದ ಮಾಡಿದ ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ಹಾಕಿದಾಗ, ನಮ್ಮ ವಾಹನ ಉದ್ಯಮ ಎಷ್ಟು ಸಣ್ಣ ಭಾಗವೊಂದನ್ನು ನೆಚ್ಚಿಕೊಂಡು ನಿಂತಿದೆ ಎಂಬುದು ಎಲ್ಲರಿಗೂ ಕಂಡಿತು.

ಈಗ ಬ್ಯಾಕ್ಟೀರಿಯಾದ ಕಥೆಗೆ ಮರಳುತ್ತೇನೆ, ಏಕೆಂದರೆ ಮನುಷ್ಯರು ನೂರಾರು ತೊಟ್ಟಿಗಳಲ್ಲಿ ಮಾಡುವ ಆಯ್ಕೆಯನ್ನು ಅದು ತನ್ನ ಒಂದು ಕೋಶದೊಳಗೆ ಮಾಡಿಕೊಳ್ಳುತ್ತಿದೆ.

ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಅಧ್ಯಯನಗೊಂಡಿರುವ ಮೀಥೈಲೋಬ್ಯಾಕ್ಟೀರಿಯಮ್ ಎಕ್ಸ್‌ಟಾರ್ಕ್ವೆನ್ಸ್‌ನ ತಳಿಯ ಹೆಸರು ಎಎಂ1. 1960ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ, ಬೇರೊಂದು ಕೆಲಸಕ್ಕೆಂದು ಇಟ್ಟಿದ್ದ ಮಾಧ್ಯಮದಲ್ಲಿ ಗಾಳಿಯಿಂದ ಬಂದು ಬೆಳೆದ ಕಲಬೆರಕೆ ಅದು. ಅಂದಿನಿಂದ ಅರ್ಧ ಶತಮಾನ ವಿಜ್ಞಾನಿಗಳು ಅದರ ಮೆಥನಾಲ್ ಕಿಣ್ವವನ್ನು ಅಧ್ಯಯನ ಮಾಡಿದರು, ಆ ಕಿಣ್ವಕ್ಕೆ ಕ್ಯಾಲ್ಸಿಯಮ್ ಬೇಕೆಂದು ತೋರಿಸಿದರು. ಅದನ್ನೇ ಹೋಲುವ ಇನ್ನೊಂದು ಕಿಣ್ವದ ಜೀನ್, ಎಕ್ಸ್‌ಒಎಕ್ಸ್‌ಎಫ್ ಎಂಬ ಹೆಸರಿನದು, ಅದೇ ಜೀನೋಮಿನಲ್ಲಿ ಕಂಡರೂ ಅದರ ಕೆಲಸವೇನೆಂದು ತಿಳಿಯಲಿಲ್ಲ. ಕಾರಣ ಸರಳವಾದದ್ದು: ಬೆಳೆಸುವ ಮಾಧ್ಯಮಕ್ಕೆ ಯಾರೂ ಲ್ಯಾಂಥನಮ್ ಹಾಕಿರಲಿಲ್ಲ. ನೀರಿನಲ್ಲಿ ಸುಲಭವಾಗಿ ಕರಗಿರದ ಈ ಧಾತುಗಳಿಗೂ ಜೀವಕ್ಕೂ ಸಂಬಂಧವಿರಲಾರದು ಎಂಬುದು ಅಂದಿನ ಗಟ್ಟಿ ನಂಬಿಕೆ.

ಆ ನಂಬಿಕೆ ಒಡೆದದ್ದು 2011ರಿಂದ 2014ರ ನಡುವೆ, ಮೊದಲು ಜಪಾನಿನ ಪ್ರಯೋಗಾಲಯಗಳಲ್ಲಿ, ಅನಂತರ ನೆದರ್ಲೆಂಡ್ಸ್‌ನ ನೈಮೇಗನ್ನಿನಲ್ಲಿ. ನೈಮೇಗನ್ನಿನ ಕಥೆ ನನಗೆ ಬಹಳ ಪ್ರಿಯವಾದದ್ದು. ಇಟಲಿಯ ನೇಪಲ್ಸ್ ಹತ್ತಿರದ ಸೊಲ್ಫತಾರ ಎಂಬ ಜ್ವಾಲಾಮುಖಿ ಕುಳಿಯಲ್ಲಿ ಕುದಿಯುವ ಆಮ್ಲೀಯ ಕೆಸರುಗುಂಡಿಗಳಿವೆ. ಅಲ್ಲಿಂದ ತಂದ, ಮೀಥೇನ್ ಉಂಡು ಬದುಕುವ ಒಂದು ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಯಾವ ಮಾಧ್ಯಮ ಕೊಟ್ಟರೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಆ ಕೆಸರುಗುಂಡಿಯದೇ ನೀರನ್ನು ಸ್ವಲ್ಪ ಬೆರೆಸಿದರೆ ಮಾತ್ರ ಬೆಳೆಯುತ್ತಿತ್ತು. ಆರ್ಯನ್ ಪೊಲ್, ಹೂಬ್ ಒಪ್ ದೆನ್ ಕಾಂಪ್ ಮತ್ತು ಸಂಗಡಿಗರು ಆ ನೀರಿನಲ್ಲಿ ಅಂಥದ್ದೇನಿದೆ ಎಂದು ಹುಡುಕುತ್ತಾ ಹೋಗಿ, ಕೊನೆಗೆ ಆ ಬ್ಯಾಕ್ಟೀರಿಯಾದ ಮೆಥನಾಲ್ ಕಿಣ್ವದ ಸ್ಫಟಿಕ ರಚನೆಯೊಳಗೆ ಕ್ಯಾಲ್ಸಿಯಮ್ ಇರಬೇಕಾದ ಜಾಗದಲ್ಲಿ ವಿರಳ ಭೂಧಾತು ಕುಳಿತಿರುವುದನ್ನು ಕಂಡರು. ಲ್ಯಾಂಥನಮ್, ಸೀರಿಯಮ್, ಪ್ರೇಸಿಯೊಡಿಮಿಯಮ್, ನಿಯೋಡಿಮಿಯಮ್ ಇವುಗಳಲ್ಲಿ ಯಾವುದನ್ನು ಕೊಟ್ಟರೂ ಆ ಜೀವಿ ಬೆಳೆಯಿತು. ಯಾವುದನ್ನೂ ಕೊಡದಿದ್ದರೆ ಬೆಳೆಯಲಿಲ್ಲ.

ಬೇಕಾದದ್ದು ಸರಿ, ಆದರೆ ಸುತ್ತಲೂ ಕ್ಯಾಲ್ಸಿಯಮ್, ಕಬ್ಬಿಣ, ಅಲ್ಯುಮಿನಿಯಮ್ ಹೇರಳವಾಗಿರುವಾಗ ಈ ಅಲ್ಪ ಲೋಹವನ್ನು ಬ್ಯಾಕ್ಟೀರಿಯಾ ಗುರುತು ಹಿಡಿಯುವುದು ಹೇಗೆ? ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಕೊಟ್ರುವೊ ಮತ್ತು ಅವರ ವಿದ್ಯಾರ್ಥಿಗಳು 2018ರಲ್ಲಿ ಎಕ್ಸ್‌ಟಾರ್ಕ್ವೆನ್ಸ್‌ನಿಂದ ಪ್ರತ್ಯೇಕಿಸಿದ ಲ್ಯಾನ್‌ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನ್ ಈ ಪ್ರಶ್ನೆಯ ಉತ್ತರದ ಬಹುಮುಖ್ಯ ಭಾಗ. ನಮ್ಮ ದೇಹದ ಜೀವಕೋಶಗಳಲ್ಲಿ ಕ್ಯಾಲ್ಸಿಯಮ್ ಹಿಡಿಯುವ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನ್ ಇದೆ. ಅದರಲ್ಲಿ ಬೆರಳು ಮಡಚಿದಂತಹ ನಾಲ್ಕು ಕುಣಿಕೆಗಳಿದ್ದು, ಒಂದೊಂದು ಕುಣಿಕೆಯೂ ಒಂದೊಂದು ಕ್ಯಾಲ್ಸಿಯಮ್ ಅಯಾನನ್ನು ಅಪ್ಪಿಕೊಳ್ಳುತ್ತದೆ. ಲ್ಯಾನ್‌ಮಾಡ್ಯುಲಿನ್‌ನಲ್ಲೂ ಅಂಥವೇ ನಾಲ್ಕು ಕುಣಿಕೆಗಳಿವೆ. ಆದರೆ ಇದು ಕ್ಯಾಲ್ಸಿಯಮ್‌ಗಿಂತ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚಿನ ಒಲವಿನಿಂದ ವಿರಳ ಭೂಧಾತುವನ್ನು ಹಿಡಿಯುತ್ತದೆ. ಲ್ಯಾಂಥನಮ್ ಅಯಾನಿನ ಗಾತ್ರ ಹೆಚ್ಚು ಕಡಿಮೆ ಕ್ಯಾಲ್ಸಿಯಮ್ ಅಯಾನಿನಷ್ಟೇ ಇರುವಾಗ, ಒಂದು ಆವೇಶದ ವ್ಯತ್ಯಾಸವನ್ನು ಬಳಸಿಕೊಂಡು ಇಷ್ಟು ನಿಖರವಾದ ಆಯ್ಕೆ ನಡೆಯುತ್ತದೆ ಎಂಬುದನ್ನು ಮೊದಲ ಸಲ ಓದಿದಾಗ ನಾನು ಆ ಸಂಖ್ಯೆಯನ್ನು ಎರಡು ಬಾರಿ ಪರಿಶೀಲಿಸಿದೆ. ಕ್ಯಾಲ್ಸಿಯಮ್ ಬಂದು ತಟ್ಟಿದರೆ ಈ ಪ್ರೋಟೀನ್ ಸಡಿಲವಾಗಿ ಚಾಚಿಕೊಂಡೇ ಇರುತ್ತದೆ. ವಿರಳ ಭೂಧಾತು ಬಂದಾಗ ಮಾತ್ರ ಮುದುಡಿ, ಬಿಗಿದು, ಗಟ್ಟಿ ಆಕಾರ ತಳೆಯುತ್ತದೆ.

ಪ್ರೋಟೀನ್ ಎಂದರೆ ಆಮ್ಲ ತಾಗಿದರೆ ಹಾಲು ಒಡೆದಂತೆ ಒಡೆದುಹೋಗುವ, ಬಿಸಿ ಮಾಡಿದರೆ ಮೊಟ್ಟೆಯಂತೆ ಗಟ್ಟಿಯಾಗುವ ವಸ್ತು ಎಂಬುದು ನಮ್ಮ ಅಡುಗೆಮನೆಯ ಅನುಭವ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದವರು ಕೊಟ್ರುವೊ ಅವರೊಡನೆ ಸೇರಿ 2020ರಲ್ಲಿ ನಡೆಸಿದ ಪರೀಕ್ಷೆಗಳು ಬೇರೆಯೇ ಚಿತ್ರವನ್ನು ಕೊಟ್ಟವು: ಲ್ಯಾನ್‌ಮಾಡ್ಯುಲಿನ್ 95 ಡಿಗ್ರಿ ಬಿಸಿಯನ್ನೂ, ಪಿಎಚ್ 2.5ರಷ್ಟು ಹುಳಿಯನ್ನೂ ತಾಳಿಕೊಂಡು ತನ್ನ ಹಿಡಿತವನ್ನು ಉಳಿಸಿಕೊಳ್ಳುತ್ತದೆ. ಗಣಿಗಾರಿಕೆಯ ದ್ರಾವಣಗಳು ಇರುವುದೇ ಅಂತಹ ಸ್ಥಿತಿಯಲ್ಲಿ. ಮರುವರ್ಷ ಅದೇ ತಂಡ ಈ ಪ್ರೋಟೀನನ್ನು ಅಗರೋಸಿನ ಸಣ್ಣ ಮಣಿಗಳಿಗೆ ರಾಸಾಯನಿಕವಾಗಿ ಕಟ್ಟಿ, ಮಣಿಗಳನ್ನು ಕೊಳವೆಯೊಂದರಲ್ಲಿ ತುಂಬಿ, ಅದರ ಮೂಲಕ ಕಳಪೆ ದ್ರಾವಣವೊಂದನ್ನು ಹರಿಸಿತು. ಅದರಲ್ಲಿ ವಿರಳ ಭೂಧಾತುಗಳ ಪಾಲು ಶೇ 0.043 ಮಾತ್ರ, ಅಂದರೆ ಸುಮಾರು 2,300 ಅಯಾನುಗಳ ಸಂತೆಯಲ್ಲಿ ಬೇಕಾದದ್ದು ಒಂದೇ ಒಂದು. ಕೊಳವೆಯನ್ನು ಒಂದೇ ಬಾರಿ ದಾಟಿದ ಮೇಲೆ, ಮಣಿಗಳಿಂದ ಹಂತಹಂತವಾಗಿ ಬಿಡಿಸಿಕೊಂಡ ದ್ರಾವಣಗಳಲ್ಲಿ ವಿರಳ ಭೂಧಾತುಗಳ ಪಾಲು ಶೇ 88ಕ್ಕೆ ಏರಿತ್ತು, ನಿಯೋಡಿಮಿಯಮ್‌ನಂತಹ ಹಗುರ ಧಾತುಗಳು ಒಂದು ಕಡೆಗೆ, ಡಿಸ್ಪ್ರೋಸಿಯಮ್‌ನಂತಹ ಭಾರದವು ಇನ್ನೊಂದು ಕಡೆಗೆ ಬಂದಿದ್ದವು. ಬಿಡಿಸಿಕೊಳ್ಳುವ ಕ್ರಮವೂ ಸೌಮ್ಯವಾದದ್ದು. ಹುಳಿಯನ್ನು ಇನ್ನಷ್ಟು ಹೆಚ್ಚಿಸಿದರೆ ಅಥವಾ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ಲವಣವನ್ನು ಹರಿಸಿದರೆ ಪ್ರೋಟೀನ್ ತನ್ನ ಹಿಡಿತವನ್ನು ಬಿಡುತ್ತದೆ, ಮಣಿಗಳು ಮುಂದಿನ ಸುತ್ತಿಗೆ ಸಿದ್ಧವಾಗುತ್ತವೆ. ಸೀಮೆಎಣ್ಣೆಯ ಸುಳಿವೇ ಇಲ್ಲ.

ಎಲ್ಲ ವಿರಳ ಭೂಧಾತುಗಳನ್ನೂ ಒಟ್ಟಿಗೆ ಹಿಡಿಯುವುದು ಒಂದು ಮಾತು. ನಿಯೋಡಿಮಿಯಮ್ಮನ್ನು ಡಿಸ್ಪ್ರೋಸಿಯಮ್‌ನಿಂದ ಬೇರೆ ಮಾಡುವುದು ಅದಕ್ಕಿಂತ ಕಠಿಣ. ಅದಕ್ಕೆ ಉತ್ತರ ಸಿಕ್ಕಿದ್ದು ಓಕ್ ಮರದ ಮೊಗ್ಗಿನಿಂದ. ಹಾನ್ಸ್‌ಶ್ಲೆಗೇಲಿಯ ಕ್ವೆರ್ಕಸ್ ಎಂಬ ಬ್ಯಾಕ್ಟೀರಿಯಾವನ್ನು ಮೊದಲು ಪ್ರತ್ಯೇಕಿಸಿದ್ದು ಅಲ್ಲಿಂದ. ಅದರ ಲ್ಯಾನ್‌ಮಾಡ್ಯುಲಿನ್ ಹಗುರ ಧಾತುಗಳನ್ನು ಹಿಡಿದಾಗ ತನ್ನಂಥದೇ ಇನ್ನೊಂದು ಪ್ರೋಟೀನಿನೊಡನೆ ಜೋಡಿಯಾಗುತ್ತದೆ, ಭಾರದ ಧಾತುಗಳನ್ನು ಹಿಡಿದಾಗ ಆ ಜೋಡಿ ಸರಿಯಾಗಿ ಕೂಡುವುದಿಲ್ಲ. ಅಯಾನಿನ ಗಾತ್ರದಲ್ಲಿರುವ ಕೂದಲೆಳೆಯ ವ್ಯತ್ಯಾಸ ಹೀಗೆ ಎರಡು ಪ್ರೋಟೀನುಗಳ ಕೂಡುವಿಕೆಯ ಮಟ್ಟದಲ್ಲಿ ದೊಡ್ಡದಾಗಿ ಕಾಣುತ್ತದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಒಂದೇ ಹಂತದಲ್ಲಿ ನಿಯೋಡಿಮಿಯಮ್ ಮತ್ತು ಡಿಸ್ಪ್ರೋಸಿಯಮ್ ಶೇ 98ಕ್ಕಿಂತ ಹೆಚ್ಚಿನ ಶುದ್ಧತೆಯಲ್ಲಿ ಬೇರೆಯಾದವು. ಇವೆರಡೂ ಮೋಟಾರಿನ ಕಾಂತದಲ್ಲಿ ಜೊತೆಯಾಗಿರುವ ಲೋಹಗಳೇ ಆದ್ದರಿಂದ ಹಳೆಯ ಕಾಂತವನ್ನು ಕರಗಿಸಿ ಮರುಬಳಸುವವರಿಗೆ ಈ ಫಲಿತಾಂಶ ನೇರವಾಗಿ ಉಪಯೋಗಕ್ಕೆ ಬರುವಂಥದ್ದು.

ಆದರೆ ಹಿಡಿಯುವುದಕ್ಕೆ ಮೊದಲು ಲೋಹ ಕಸದಿಂದ ಹೊರಬಂದು ನೀರಿನಲ್ಲಿ ಕರಗಬೇಕಲ್ಲ. ಈ ಕೆಲಸಕ್ಕೂ ಬ್ಯಾಕ್ಟೀರಿಯಾಗಳಿವೆ. ಗ್ಲುಕೊನೊಬ್ಯಾಕ್ಟರ್ ಆಕ್ಸಿಡಾನ್ಸ್ ಎಂಬುದು ಗ್ಲುಕೋಸನ್ನು ಗ್ಲುಕೋನಿಕ್ ಆಮ್ಲವಾಗಿಸಿ ತನ್ನ ಸುತ್ತಲೂ ಚೆಲ್ಲುತ್ತದೆ, ಆ ಆಮ್ಲ ಲೋಹವನ್ನು ಕರಗಿಸುವುದರ ಜೊತೆಗೆ ಕರಗಿದ ಅಯಾನನ್ನು ಕೈಹಿಡಿದು ನೀರಿನಲ್ಲೇ ಉಳಿಸುತ್ತದೆ. ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದವರು ಪೆಟ್ರೋಲಿಯಂ ಸಂಸ್ಕರಣಾಗಾರದ ಬಳಸಿದ ವೇಗವರ್ಧಕದ ಪುಡಿಯ ಮೇಲೂ, ಗೊಬ್ಬರ ಕಾರ್ಖಾನೆಯ ಫಾಸ್ಫೋಜಿಪ್ಸಮ್ ಎಂಬ ತ್ಯಾಜ್ಯದ ಮೇಲೂ ಇದನ್ನು ಪ್ರಯೋಗಿಸಿದ್ದಾರೆ. ಬ್ಯಾಕ್ಟೀರಿಯಾ ಬೆಳೆಸಿದ ದ್ರವ ಅಂಗಡಿಯ ಶುದ್ಧ ಗ್ಲುಕೋನಿಕ್ ಆಮ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಸಲ್ಫ್ಯೂರಿಕ್ ಆಮ್ಲಕ್ಕೆ ಮಾತ್ರ ಸಾಟಿಯಾಗಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಬಜ್ ಬಾರ್‌ಸ್ಟೋ ಅವರ ತಂಡ ಈ ಬ್ಯಾಕ್ಟೀರಿಯಾದ ಜೀನುಗಳನ್ನು ಒಂದೊಂದಾಗಿ ಕೆಡಿಸಿ, ಯಾವುದು ಕೆಟ್ಟರೆ ಹುಳಿ ಹೆಚ್ಚುತ್ತದೆ, ಯಾವುದು ಕೆಟ್ಟರೆ ತಗ್ಗುತ್ತದೆ ಎಂಬ ನಕ್ಷೆಯನ್ನೇ ತಯಾರಿಸಿದೆ. ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಮನೆಯಲ್ಲಿ ಮಾಡಿ ಕುಡಿಯುವ ಕೊಂಬುಚಾ ಚಹಾದ ಸೂಕ್ಷ್ಮಜೀವಿಗಳನ್ನೇ ಹಳೆಯ ಟ್ಯೂಬ್‌ಲೈಟುಗಳ ಬಿಳಿ ಪುಡಿಯ ಮೇಲೆ ಬಿಟ್ಟು, ಯಿಟ್ರಿಯಮ್ ಮತ್ತು ಯೂರೋಪಿಯಮ್ ಕರಗಿ ಬರುವುದನ್ನು ತೋರಿಸಿದರು. ಹೊರಬಂದ ಪ್ರಮಾಣ ಹೆಚ್ಚೇನಲ್ಲ, ಆದರೂ ನಮ್ಮ ಉಗ್ರಾಣದ ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಟ್ಯೂಬ್‌ಲೈಟುಗಳನ್ನು ನಾನು ಈಗ ಬೇರೆಯಾಗಿ ನೋಡುತ್ತೇನೆ. (ಅವುಗಳಲ್ಲಿ ಪಾದರಸವೂ ಇದೆ, ಮನೆಯಲ್ಲಿ ಯಾರೂ ಒಡೆದು ಪ್ರಯೋಗಿಸಬಾರದು.)

ಇಲ್ಲಿ ಖರ್ಚಿನ ಮಾತು ಬರುತ್ತದೆ, ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಗ್ಲುಕೊನೊಬ್ಯಾಕ್ಟರ್ ವಿಧಾನದಲ್ಲಿ ಅತಿ ದೊಡ್ಡ ವೆಚ್ಚ ಗ್ಲುಕೋಸಿನದ್ದೇ. ಅದಕ್ಕಾಗಿಯೇ ಮೆಕ್ಕೆಜೋಳದ ದಂಟಿನಂತಹ ಕೃಷಿತ್ಯಾಜ್ಯದಿಂದ ತೆಗೆದ ಸಕ್ಕರೆಯನ್ನು ಪ್ರಯತ್ನಿಸಿದ್ದಾರೆ. ಕಬ್ಬು ಮತ್ತು ಮೆಕ್ಕೆಜೋಳ ಎರಡನ್ನೂ ಅಪಾರವಾಗಿ ಬೆಳೆಯುವ ನಮ್ಮ ಉತ್ತರ ಕರ್ನಾಟಕದಲ್ಲಿ ಇದು ಸಹಜವಾಗಿ ಹೊಳೆಯಬೇಕಾದ ದಾರಿ. ಪ್ರೋಟೀನಿನ ಲೆಕ್ಕ ಇನ್ನೂ ಕಟ್ಟುನಿಟ್ಟಾದದ್ದು. ಲ್ಯಾನ್‌ಮಾಡ್ಯುಲಿನ್‌ನ ಅಣುತೂಕ ಸುಮಾರು 12,000. ಅದರ ನಾಲ್ಕು ಕುಣಿಕೆಗಳಲ್ಲಿ ಲೋಹವನ್ನು ಬಿಗಿಯಾಗಿ ಹಿಡಿಯುವವು ಮೂರು, ನಿಯೋಡಿಮಿಯಮ್ ಪರಮಾಣುತೂಕ 144. ಅಂದರೆ ಒಂದು ಕಿಲೋ ಶುದ್ಧ ಪ್ರೋಟೀನ್ ಒಂದು ಸುತ್ತಿನಲ್ಲಿ ಹಿಡಿಯಬಲ್ಲದ್ದು ಸುಮಾರು 36 ಗ್ರಾಂ ನಿಯೋಡಿಮಿಯಮ್, ಅದಕ್ಕಿಂತ ಹೆಚ್ಚಿಲ್ಲ. ಒಂದು ಕಿಲೋ ಕಾಂತದೊಳಗಿನ 300 ಗ್ರಾಂ ಲೋಹಕ್ಕೆ ಎಂಟೊಂಬತ್ತು ಸುತ್ತು ಬೇಕು. ಆದ್ದರಿಂದ ಮಣಿಗಳು ನೂರಾರು ಸುತ್ತು ಬಾಳಿಕೆ ಬಂದರೆ ಮಾತ್ರ ಈ ವಿಧಾನಕ್ಕೆ ಅರ್ಥ. ನನ್ನ ಅಭಿಪ್ರಾಯದಲ್ಲಿ, ಕಾಂತದಂತಹ ಸಮೃದ್ಧ ಕಸಕ್ಕಿಂತ, ಬೇಕಾದ ಲೋಹ ಅತ್ಯಲ್ಪವಾಗಿದ್ದು ಬೇಡದ್ದೇ ತುಂಬಿರುವ ಬೂದಿ, ಕೆಸರು, ಗಣಿನೀರು ಇವುಗಳಲ್ಲಿ ಪ್ರೋಟೀನಿನ ನಿಜವಾದ ಬೆಲೆ ಗೊತ್ತಾಗುತ್ತದೆ. ಏಕೆಂದರೆ ಹಳೆಯ ವಿಧಾನಗಳು ಸೋಲುವುದು ಅಲ್ಲಿಯೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿರುವ ಸೆಸಿಲಿಯಾ ಮಾರ್ಟಿನೆಜ್-ಗೋಮೆಜ್ ಅವರದು ಇನ್ನೊಂದು ದಾರಿ. ಪ್ರೋಟೀನನ್ನು ಬೇರೆ ತೆಗೆಯದೆ, ಇಡೀ ಎಕ್ಸ್‌ಟಾರ್ಕ್ವೆನ್ಸ್ ಬ್ಯಾಕ್ಟೀರಿಯಾಗೆ ಹಾರ್ಡ್ ಡಿಸ್ಕಿನ ಕಾಂತದ ಪುಡಿಯನ್ನೇ ಕೊಟ್ಟು, ಅದು ತನಗೆ ಬೇಕಾದ ಲೋಹವನ್ನು ಕರಗಿಸಿ ತನ್ನ ಕೋಶದೊಳಗೆ ಕೂಡಿಟ್ಟುಕೊಳ್ಳುವಂತೆ ಮಾಡುವುದು. ಕರಗಿಸುವ ಕೆಲಸ, ಆಯುವ ಕೆಲಸ ಎರಡೂ ಒಂದೇ ಪಾತ್ರೆಯಲ್ಲಿ ನಡೆಯುತ್ತವೆ.

ನಮ್ಮ ರಾಜ್ಯದಲ್ಲಿ ಸೂಕ್ಷ್ಮಜೀವಿಗಳಿಂದ ಲೋಹ ತೆಗೆಯುವುದು ಕೇಳರಿಯದ ಸಂಗತಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರು ದಶಕಗಳ ಕಾಲ ಇದೇ ಕ್ಷೇತ್ರದಲ್ಲಿ ದುಡಿದು, ಸಲ್ಫೈಡ್ ಹರಳುಗಳೊಳಗೆ ಸಿಕ್ಕಿಕೊಂಡ ಚಿನ್ನವನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ಬಿಡಿಸುವ ವಿಧಾನವನ್ನು ಹಟ್ಟಿ ಚಿನ್ನದ ಗಣಿಯವರೆಗೆ ಒಯ್ದರು. ಆ ಅನುಭವದ ಮುಂದುವರಿಕೆಗೆ ಬೇಕಾದ ಕಚ್ಚಾವಸ್ತು ನಮ್ಮ ಕಣ್ಣೆದುರೇ ಬಿದ್ದಿದೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ 1980ರ ದಶಕದಿಂದ ಕಲ್ಲಿದ್ದಲು ಉರಿಸುತ್ತಾ ಬಂದಿದೆ, ಬಳ್ಳಾರಿಯ ಕುಡತಿನಿಯಲ್ಲಿ ಇನ್ನೊಂದಿದೆ. ಕಲ್ಲಿದ್ದಲು ಉರಿದಾಗ ಇಂಗಾಲ ಹಾರಿಹೋಗಿ, ಅದರಲ್ಲಿದ್ದ ವಿರಳ ಭೂಧಾತುಗಳು ಬೂದಿಯಲ್ಲಿ ಸಾಂದ್ರಗೊಳ್ಳುತ್ತವೆ. ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲೂ ಹಾಗೆಯೇ, ಸ್ಕ್ಯಾಂಡಿಯಮ್ ಸೇರಿದಂತೆ ಬಾಕ್ಸೈಟಿನಲ್ಲಿದ್ದ ಈ ಧಾತುಗಳು ಬಹುಮಟ್ಟಿಗೆ ಕೆಸರಿನ ಪಾಲಾಗುತ್ತವೆ.

ಎಷ್ಟಿದೆ ಎಂಬುದಕ್ಕಿಂತ ಹೇಗೆ ಸಿಕ್ಕಿಕೊಂಡಿದೆ ಎಂಬುದು ಮುಖ್ಯ ಎಂಬ ಎಚ್ಚರವನ್ನು ಇಲ್ಲಿ ಹೇಳಲೇಬೇಕು. ಡ್ಯೂಕ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಅಮೆರಿಕದ ಬೂದಿಗಳನ್ನು ಅಳೆದಾಗ, ಅಪಲಾಚಿಯನ್ ಕಲ್ಲಿದ್ದಲಿನ ಬೂದಿಯಲ್ಲಿ ಪ್ರತಿ ಕಿಲೋಗೆ ಸರಾಸರಿ 591 ಮಿಲಿಗ್ರಾಂ, ಪೌಡರ್ ರಿವರ್ ಪ್ರದೇಶದ ಬೂದಿಯಲ್ಲಿ 337 ಮಿಲಿಗ್ರಾಂ ಸಿಕ್ಕಿತು. ಆದರೆ ಆಮ್ಲದಲ್ಲಿ ನೆನೆಸಿದಾಗ ತನ್ನೊಳಗಿನ ಹೆಚ್ಚಿನ ಪಾಲನ್ನು ಬಿಟ್ಟುಕೊಟ್ಟದ್ದು ಎರಡನೆಯದು, ಏಕೆಂದರೆ ಅದರಲ್ಲಿ ಕ್ಯಾಲ್ಸಿಯಮ್ ಹೆಚ್ಚು. ಮೊದಲನೆಯದರಲ್ಲಿ ಲೋಹ ಗಾಜಿನಂತಹ ಕಣಗಳೊಳಗೆ ಬಂದಿಯಾಗಿತ್ತು. ಹೀಗಾಗಿ ರಾಯಚೂರಿನ ಬೂದಿಯನ್ನು ರಾಯಚೂರಿನ ಬೂದಿಯಾಗಿಯೇ ಪರೀಕ್ಷಿಸಬೇಕು, ಬೇರೆ ದೇಶದ ಅಂಕಿಗಳನ್ನು ತಂದು ಇಲ್ಲಿ ಗುಣಿಸಿ ಸಂಭ್ರಮಿಸುವುದರಲ್ಲಿ ಅರ್ಥವಿಲ್ಲ.

ವಿದ್ಯುನ್ಮಾನ ಕಸದ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಚರಿತ್ರೆಯಿದೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ 2005ರಲ್ಲಿ ಆರಂಭವಾದದ್ದು ದಾಬಸ್‌ಪೇಟೆಯಲ್ಲಿ. ಅದರಾಚೆಗೆ ಗೌರಿಪಾಳ್ಯದಂತಹ ಬಡಾವಣೆಗಳಲ್ಲಿ ಸಾವಿರಾರು ಕುಟುಂಬಗಳ ಕೈಗಳು ಈ ಕಸವನ್ನು ಬಿಚ್ಚುತ್ತವೆ. ತಾಮ್ರಕ್ಕೆ ಬೆಲೆಯಿದೆ, ಚಿನ್ನದ ಲೇಪಕ್ಕೆ ಬೆಲೆಯಿದೆ. ನಾನು ಹಾರ್ಡ್ ಡಿಸ್ಕ್ ಕೊಳ್ಳಲು ಹೋದ ಗುಜರಿ ಅಂಗಡಿಯಲ್ಲಿ ಚಂದ್ರಕೊರೆಯಾಕಾರದ ಕಾಂತಗಳು ಕಬ್ಬಿಣದ ಬಾಗಿಲ ಚೌಕಟ್ಟಿಗೆ ಸಾಲಾಗಿ ಅಂಟಿಕೊಂಡಿದ್ದವು. ಯಾರಿಗಾದರೂ ಬೇಕಾದರೆ ಒಯ್ಯಲಿ ಎಂದು ಹಾಗೆ ಬಿಟ್ಟಿದ್ದೇನೆ ಎಂದರು ಅಂಗಡಿಯವರು. ಬಿಚ್ಚುವ ಹಂತದಲ್ಲೇ ಕಾಂತಗಳನ್ನು ಬೇರೆ ಡಬ್ಬಿಗೆ ಹಾಕುವ ಒಂದು ಪದ್ಧತಿ ಬಂದರೆ ಮುಂದಿನ ಕೆಲಸವೆಲ್ಲ ಎಷ್ಟೋ ಹಗುರವಾಗುತ್ತದೆ, ಮತ್ತು ಆ ಡಬ್ಬಿಯ ಬೆಲೆಯಲ್ಲಿ ಬಿಚ್ಚುವವರ ಪಾಲು ಇರಲೇಬೇಕು. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿದೆ. ಆ ಹಣದ ಒಂದು ಸಣ್ಣ ಭಾಗವಾದರೂ ಈ ಬಾಗಿಲ ಚೌಕಟ್ಟಿನವರೆಗೆ ತಲುಪಲಿ ಎಂಬುದು ನನ್ನ ಹಾರೈಕೆ.

ಈ ವರ್ಷ ಹೊಂಗೆ ಎಲೆಯ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದೆವು. ಪ್ರತಿಯೊಂದು ಎಲೆಯನ್ನೂ ಎರಡು ತಟ್ಟೆಗಳ ಮೇಲೆ ಒತ್ತಿದೆವು. ಒಂದರಲ್ಲಿ ಎಂದಿನ ಮಾಧ್ಯಮ, ಇನ್ನೊಂದರಲ್ಲಿ ಅದೇ ಮಾಧ್ಯಮಕ್ಕೆ ಲೀಟರಿಗೆ 2 ಮೈಕ್ರೊಮೋಲ್ ಲ್ಯಾಂಥನಮ್ ಕ್ಲೋರೈಡ್. ಗಾಜಿನಿಂದಲೂ ಇಂತಹ ಲೋಹಗಳು ಅಲ್ಪಸ್ವಲ್ಪ ಕರಗಿ ಬರಬಹುದೆಂದು ಪ್ಲಾಸ್ಟಿಕ್ ಪಾತ್ರೆಗಳನ್ನೇ ಬಳಸಿದೆವು. ಗುಲಾಬಿ ಅಚ್ಚು ಎರಡರಲ್ಲೂ ಮೂಡಿತು. ಲ್ಯಾಂಥನಮ್ ಇದ್ದ ತಟ್ಟೆಗಳಲ್ಲಿ ಅದರ ಜೊತೆಗೆ, ನಡುನರದ ಉದ್ದಕ್ಕೆ, ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕೆಲವು ಕಂಡವು. ಅವುಗಳಲ್ಲಿ ಮೂರನ್ನು ಎತ್ತಿ ಲ್ಯಾಂಥನಮ್ ಇಲ್ಲದ ತಟ್ಟೆಗೆ ಗೀರಿದರೆ ಬೆಳೆಯಲಿಲ್ಲ. ಇರುವ ತಟ್ಟೆಗೆ ಗೀರಿದರೆ ಬೆಳೆದವು.

ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮುಂದಿನ ಪ್ರಯೋಗವನ್ನು ತಾನೇ ಯೋಜಿಸಿದಳು. ಹಾರ್ಡ್ ಡಿಸ್ಕಿನ ಕಾಂತದ ಚೂರೊಂದನ್ನು ಕಾಯಿಸಿ ಕಾಂತತ್ವ ಕಳೆದು, ದುರ್ಬಲ ಆಮ್ಲದಲ್ಲಿ ಕರಗಿಸಿ, ಸಾವಿರಾರು ಪಟ್ಟು ತೆಳುವಾಗಿಸಿ, ಸೀಸೆಯ ಲ್ಯಾಂಥನಮ್‌ನ ಬದಲಿಗೆ ಅದನ್ನೇ ಆ ಮೂರು ಬಿಳಿ ತಳಿಗಳಿಗೆ ಕೊಟ್ಟಳು. ಕಾಂತದಲ್ಲಿ ಕಬ್ಬಿಣವೂ ಇರುವುದರಿಂದ, ಅಷ್ಟೇ ಕಬ್ಬಿಣವನ್ನು ಮಾತ್ರ ಹಾಕಿದ ಕೊಳವೆಗಳನ್ನೂ ಪಕ್ಕದಲ್ಲಿಟ್ಟಳು; ಅದು ಅವಳದೇ ವಿಚಾರ, ನಾನು ಹೇಳಿಕೊಟ್ಟದ್ದಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಕೊಳವೆಗಳ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ಕಬ್ಬಿಣದವು ಮೂರೂ ತಿಳಿಯಾಗಿದ್ದವು. ಕಾಂತದ ನೀರು ಕೊಟ್ಟ ಮೂರರಲ್ಲಿ ಎರಡು, ಅಕ್ಕಿ ತೊಳೆದ ನೀರಿನಂತೆ, ಬೆಳ್ಳಗೆ ಕದಡಿದ್ದವು.